ಬೀಜದೊಳಗಿನ ಗರ

ಅದೃಷ್ಟವೆಂಬ ಮಾತನ್ನು ಬಿಡಿಸಿ ನೋಡಿದರೆ ಅದರೊಳಗೆ ದೇವರೂ ಇಲ್ಲ, ಹಣೆಬರಹವೂ ಇಲ್ಲ. ಕಣ್ಣಿಗೆ ಬೀಳದುದು ಎಂಬ ಸರಳವಾದ ಅರ್ಥವಷ್ಟೇ ಉಂಟು. ಆದರೂ ಮನುಷ್ಯನು ಕಾಣದುದನ್ನು ನೆನೆದು ಎಷ್ಟು ಅಂಜುತ್ತಾನೆ, ಎಷ್ಟು ಆಸೆಪಡುತ್ತಾನೆ! ರೋಣ, ನರಗುಂದ, ಗಜೇಂದ್ರಗಡಗಳ ಕಡೆ ಮೋಡ ಕವಿದ ಮಧ್ಯಾಹ್ನ ಪಡಸಾಲೆಯ ನೆಲದ ಮೇಲೆ ಬಳಪದಿಂದ ಮನೆಗಳನ್ನು ಬರೆದುಕೊಂಡು ಚೌಕಾಬಾರ ಆಡಲು ಕುಳಿತವರನ್ನು ನೋಡಿದವರಿಗೆ ಇದು ಗೊತ್ತಿರುವ ಸಂಗತಿಯೇ. ನಾಲ್ಕು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ, ಬೇಕಾದ ಗರವನ್ನು ಬಾಯಲ್ಲೇ ಜಪಿಸಿ, ನೆಲಕ್ಕೆ ಚೆಲ್ಲುತ್ತಾರೆ. ನಾಲ್ಕೂ ಅಂಗಾತ ಬಿದ್ದರೆ ಚೌಕ. ನಾಲ್ಕೂ ಬೋರಲು ಬಿದ್ದರೆ ಎಂಟು, ಅದೇ ಬಾರ. ಕೆಲವರ ಕೈಗೆ ಬಾರ ಹೆಚ್ಚಾಗಿ ಬೀಳುತ್ತದೆಂದು ಎದುರಾಳಿಗಳು ಗೊಣಗುವುದುಂಟು. ಆ ಗೊಣಗಾಟದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಕವಡೆಯ ಬೆನ್ನು ಉಬ್ಬು, ಹೊಟ್ಟೆ ಚಪ್ಪಟೆ. ಅದು ಎರಡು ಮಗ್ಗುಲಿಗೂ ಸಮನಾಗಿ ಬೀಳುವ ವಸ್ತುವೇ ಅಲ್ಲ. ಚೆಲ್ಲುವ ಎತ್ತರವನ್ನೂ ಮಣಿಕಟ್ಟಿನ ತಿರುವನ್ನೂ ಬಲ್ಲ ಕೈಗೆ ಗರವು ಸ್ವಲ್ಪ ಸ್ವಲ್ಪವಾಗಿ ಪಳಗಿದರೆ ಆಶ್ಚರ್ಯವೇನು?

ಈಗಿನ ಮಕ್ಕಳಿಗೆ ಕವಡೆ ಬೇಡ. ಮೊಮ್ಮಗನು ಅಂಗೈಯಗಲದ ಯಂತ್ರವೊಂದನ್ನು ಹಿಡಿದು ಮೂಲೆಯಲ್ಲಿ ಕುಳಿತನೆಂದರೆ ಊಟದ ಕರೆಯೂ ಅವನ ಕಿವಿಗೆ ಬೀಳದು. ಆ ಯಂತ್ರದೊಳಗೆ ಪೋಕೆಮಾನ್ ಎಂಬ ಜಪಾನೀ ಆಟದ ವಿಚಿತ್ರ ಪ್ರಾಣಿಗಳಿವೆ. ಅವುಗಳನ್ನು ಹಿಡಿಯಬಹುದು, ಸಾಕಬಹುದು. ಜೋಡಿಯೊಂದನ್ನು ಸಾಕುಮನೆಯಲ್ಲಿ ಬಿಟ್ಟು ಬಂದರೆ ಮೊಟ್ಟೆಯೂ ದೊರೆಯುತ್ತದೆ. ಬಹುಮಟ್ಟಿಗೆ ಎಲ್ಲ ಮೊಟ್ಟೆಗಳಿಂದಲೂ ಬರುವುದು ಮಾಮೂಲು ಬಣ್ಣದ ಮರಿಯೇ. ಎಲ್ಲೋ ಒಂದು ಮಾತ್ರ ಬೇರೆ ಬಣ್ಣದಲ್ಲಿ ಮಿನುಗುತ್ತ ಹೊರಬರುತ್ತದೆ. ಹಳೆಯ ಆಟಗಳಲ್ಲಿ ಅಂತಹ ಮರಿ ೮೧೯೨ರಲ್ಲಿ ಒಂದು. ೨೦೧೩ರಿಂದೀಚಿನ ಆಟಗಳಲ್ಲಿ ೪೦೯೬ರಲ್ಲಿ ಒಂದು. ೮೧೯೨ ಮೊಟ್ಟೆಗಳನ್ನು ಮರಿಮಾಡಿದವನಿಗೆ ಒಂದಾದರೂ ಖಂಡಿತ ಸಿಕ್ಕೀತೆಂದು ತಿಳಿಯಬೇಡಿ. ಲೆಕ್ಕ ಹಾಕಿದರೆ ಅಷ್ಟು ದುಡಿದ ನೂರು ಮಂದಿಯಲ್ಲಿ ಸುಮಾರು ಮೂವತ್ತೇಳು ಮಂದಿ ಬರಿಗೈಯಲ್ಲೇ ಉಳಿಯುತ್ತಾರೆ.

ಇಷ್ಟೆಲ್ಲ ಇದ್ದರೂ ಕೆಲವು ಹುಡುಗರು ಒಂದೇ ಸಂಜೆಯಲ್ಲಿ ಆ ಮರಿಯನ್ನು ಪಡೆದುಬಿಡುತ್ತಾರೆ. ಅವರು ಯಂತ್ರವನ್ನು ಒಡೆಯುವುದಿಲ್ಲ, ಒಳಗಿನ ಬರಹವನ್ನು ತಿದ್ದುವುದಿಲ್ಲ. ತಕ್ಕ ಕ್ಷಣದಲ್ಲಿ ಒಂದು ಗುಂಡಿಯನ್ನು ಒತ್ತುತ್ತಾರೆ, ಅಷ್ಟೆ. ಆ ಕ್ಷಣ ಯಾವುದೆಂದು ಅವರಿಗೆ ಗೊತ್ತಾಗುವ ಬಗೆಯೇ ಸ್ವಾರಸ್ಯವಾದುದು.

ಯಂತ್ರಕ್ಕೆ ಕವಡೆ ಚೆಲ್ಲಲು ಕೈಯಿಲ್ಲ. ಅದಕ್ಕೆ ಬರುವುದು ಲೆಕ್ಕವೊಂದೇ. ಆದುದರಿಂದ ಅದು ಲೆಕ್ಕದಿಂದಲೇ ಗರವನ್ನು ಹುಟ್ಟಿಸಬೇಕು. ೧೯೪೯ರಲ್ಲಿ ಅಮೆರಿಕದ ಗಣಿತಜ್ಞ ಡಿ. ಎಚ್. ಲೆಹ್ಮರ್ ಸೂಚಿಸಿದ ದಾರಿ ಬಹಳ ಸುಲಭವಾದುದು: ಒಂದು ಸಂಖ್ಯೆಯನ್ನು ಮತ್ತೊಂದರಿಂದ ಗುಣಿಸಿ, ಬಂದುದನ್ನು ದೊಡ್ಡದೊಂದು ಸಂಖ್ಯೆಯಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಳ್ಳುವುದು, ಆ ಶೇಷವನ್ನೇ ಮತ್ತೆ ಗುಣಿಸುವುದು. ಮುಂದೆ ಇದಕ್ಕೆ ಒಂದಿಷ್ಟು ಕೂಡುವುದೂ ಸೇರಿತು. ಮನೆಯಲ್ಲಿ ಕಾಗದದ ಮೇಲೆಯೂ ಇದನ್ನು ಮಾಡಿ ನೋಡಬಹುದು. ೭ನ್ನು ತೆಗೆದುಕೊಂಡು ಐದರಿಂದ ಗುಣಿಸಿ, ಮೂರು ಕೂಡಿಸಿ, ಹದಿನಾರರಿಂದ ಭಾಗಿಸಿದರೆ ಶೇಷ ೬. ಅದಕ್ಕೂ ಹಾಗೆಯೇ ಮಾಡಿದರೆ ೧. ಆಮೇಲೆ ೮, ೧೧, ೧೦, ೫, ೧೨, ೧೫. ಈ ಸಾಲನ್ನು ಮೊದಲ ಸಲ ನೋಡುವವರಿಗೆ ಇದರಲ್ಲಿ ಯಾವ ಕ್ರಮವೂ ತೋರದು, ಕವಡೆಯ ಗರದಂತೆಯೇ ಕಾಣುತ್ತದೆ. ಆದರೆ ಏಳರಿಂದ ಹೊರಟವನಿಗೆ ಎರಡನೆಯ ಹೆಜ್ಜೆಯಲ್ಲಿ ಒಂದು ಬರುವುದು ತಪ್ಪದು. ಹದಿನಾರು ಹೆಜ್ಜೆ ನಡೆದರೆ ಮತ್ತೆ ಏಳಕ್ಕೇ ಬಂದು ನಿಲ್ಲುತ್ತಾನೆ. ಹೊರಡುವ ಆ ಮೊದಲ ಸಂಖ್ಯೆಗೆ ಗಣಕ ಬಲ್ಲವರು ಇಟ್ಟಿರುವ ಹೆಸರು ಬೀಜ.

೨೦೦೪ರಲ್ಲಿ ಜಪಾನಿನಲ್ಲಿ ಹೊರಬಂದ ಎಮರಾಲ್ಡ್ ಎಂಬ ಪೋಕೆಮಾನ್ ಆಟದೊಳಗೂ ಇದೇ ಲೆಕ್ಕವುಂಟು, ಸಂಖ್ಯೆಗಳು ಮಾತ್ರ ದೊಡ್ಡವು. ಅಲ್ಲಿ ಗುಣಿಸುವುದು ೧,೧೦,೩೫,೧೫,೨೪೫ರಿಂದ, ಕೂಡುವುದು ೨೪,೬೯೧ನ್ನು, ಶೇಷಗಳ ಸುತ್ತು ಮುಗಿಯುವುದು ೪೨೯ ಕೋಟಿಗೂ ಮಿಕ್ಕ ಹೆಜ್ಜೆಗಳ ಮೇಲೆ. ಸೆಕೆಂಡಿಗೆ ಸುಮಾರು ಅರವತ್ತು ಹೆಜ್ಜೆಗಳಂತೆ ಅದು ನಡೆಯುತ್ತಿರುತ್ತದೆ. ಇಷ್ಟು ದೊಡ್ಡ ಕಾಡಿನಲ್ಲಿ ದಾರಿ ಹುಡುಕುವವರಾರು? ಆದರೆ ಆಟ ಕಟ್ಟಿದವರಿಂದ ಒಂದು ಸಣ್ಣ ಅಚಾತುರ್ಯ ಆಗಿಹೋಗಿತ್ತು. ಯಂತ್ರವನ್ನು ತೆರೆದಾಗಲೆಲ್ಲ ಬೀಜವು ಸೊನ್ನೆಯಿಂದಲೇ ಆರಂಭವಾಗುತ್ತಿತ್ತು. ಹೊರಡುವ ಊರು ಗೊತ್ತು, ನಡಿಗೆಯ ವೇಗ ಗೊತ್ತು. ಇನ್ನು ಯಾವ ಹೊತ್ತಿಗೆ ಯಾವ ಮೈಲಿಗಲ್ಲು ಎಂಬುದನ್ನು ಹೇಳಲು ಜೋಯಿಸರು ಬೇಕೆ? ತಾಳ್ಮೆಯುಳ್ಳ ಆಟಗಾರರು ಕೋಷ್ಟಕಗಳನ್ನು ಮಾಡಿದರು, ಗಡಿಯಾರ ಹಿಡಿದು ಅಭ್ಯಾಸ ಮಾಡಿದರು, ಕಂಡುಕೊಂಡುದನ್ನು ಯಾರಿಗೂ ಬಚ್ಚಿಡದೆ ಎಲ್ಲರಿಗೂ ತಿಳಿಸಿದರು.

ಇದನ್ನು ಕೇಳಿದ ಹಿರಿಯರು ತಲೆಯಾಡಿಸಿ, ಇದು ಮೋಸವೆನ್ನುತ್ತಾರೆ. ದೈವದಿಂದ ಬರಬೇಕಾದುದನ್ನು ಲೆಕ್ಕದಿಂದ ಕಸಿದುಕೊಂಡರೆ ಆಟಕ್ಕೆ ಬೆಲೆಯೇನು ಎಂಬುದು ಅವರ ಆಕ್ಷೇಪಣೆ. ಬೆವರಿಲ್ಲದೆ ಸಿಕ್ಕಿದುದು ದಕ್ಕದು ಎಂಬ ನಾಡಿನ ನಂಬಿಕೆಯೇ ಆ ಮಾತಿನ ಹಿಂದಿದೆ. ಅದನ್ನು ಹಾಗೆಯೇ ತಳ್ಳಿಹಾಕುವಂತಿಲ್ಲ.

ಆದರೆ ಈ ವಾದವು ಯಂತ್ರಗಳಿಗಿಂತ ಎಷ್ಟೋ ಹಿಂದಿನದು. ಮಹಾಭಾರತದಲ್ಲಿ ಪಗಡೆಗಾರರಿಬ್ಬರು ಬರುತ್ತಾರೆ. ಗದುಗಿನ ಕುಮಾರವ್ಯಾಸನ ಸಭಾಪರ್ವವನ್ನು ಬಲ್ಲವರಿಗೆ ಶಕುನಿಯ ಪರಿಚಯ ಬೇಕಿಲ್ಲ. ಇನ್ನೊಬ್ಬನು ನಳನ ಕತೆಯ ಋತುಪರ್ಣ. ಕನಕದಾಸರ ನಳಚರಿತ್ರೆಯಿಂದ ಕನ್ನಡಿಗರಿಗೆ ಆ ಕತೆ ಮನೆಮಾತಾಗಿದೆ. ಓಡುವ ರಥದಲ್ಲಿ ಕುಳಿತು, ದಾರಿಯ ತಾರೆಮರವೊಂದರ ಎಲೆಗಳನ್ನೂ ಕಾಯಿಗಳನ್ನೂ ಋತುಪರ್ಣನು ಎಣಿಸಿ ಹೇಳುತ್ತಾನೆ. ನಳನು ನಂಬದೆ ಇಳಿದು ಎಣಿಸಿ ನೋಡಿದರೆ ಲೆಕ್ಕ ಸರಿಯಾಗಿಯೇ ಇದೆ! ಆ ವಿದ್ಯೆಗೆ ಅಕ್ಷಹೃದಯವೆಂದು ಹೆಸರು, ದಾಳದ ಹೃದಯವನ್ನು ಅರಿಯುವ ವಿದ್ಯೆ. ಋತುಪರ್ಣನು ಅದನ್ನು ನಳನಿಗೆ ಕಲಿಸಿಕೊಡುತ್ತಾನೆ; ಬದಲಿಗೆ ಕುದುರೆಗಳ ವಿದ್ಯೆಯನ್ನು ಪಡೆಯುತ್ತಾನೆ. ಆ ವಿದ್ಯೆಯ ಬಲದಿಂದಲೇ ನಳನಿಗೆ ಕಳೆದ ರಾಜ್ಯವು ಮರಳಿ ಬರುತ್ತದೆ. ದಾಳವನ್ನು ಅರಿತವರು ಇಬ್ಬರೂ ಹೌದು. ಶಕುನಿಯು ತನ್ನ ಅರಿವನ್ನು ಎದುರಾಳಿಯಿಂದ ಮುಚ್ಚಿಟ್ಟು ಆಡಿದ, ಋತುಪರ್ಣನು ಎದುರಿಗಿದ್ದವನಿಗೆ ಧಾರೆಯೆರೆದ. ಕೆಟ್ಟ ಹೆಸರು ಒಬ್ಬನಿಗೇ ಬಂದುದಕ್ಕೆ ಕಾರಣವಿಲ್ಲದೆ ಇಲ್ಲ.

ಇನ್ನು, ಮೊಮ್ಮಗನನ್ನು ಗದರುವ ಅಜ್ಜನ ಹೊಲಕ್ಕೇ ಹೋಗಿ ನೋಡಬಹುದು. ನರಗುಂದದ ಗುಡ್ಡದಿಂದ ಹಿಡಿದು ರೋಣದ ಸೀಮೆಯವರೆಗೆ ಹಬ್ಬಿದ ಎರೆಯ ಭೂಮಿ ಅದು. ಜೋಳ, ಕಡಲೆ, ಕುಸುಬಿಗಳೊಂದಿಗೆ ಹತ್ತಿಯೂ ಅಲ್ಲಿನ ಹಳೆಯ ಬೆಳೆ. ೧೯೭೨ರಲ್ಲಿ, ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದಾಗ, ಈ ಊರುಗಳೆಲ್ಲ ಧಾರವಾಡ ಜಿಲ್ಲೆಯಲ್ಲಿದ್ದಾಗ, ಧಾರವಾಡದ ಕೃಷಿ ಸಂಶೋಧನಾ ಕೇಂದ್ರದಿಂದ ವರಲಕ್ಷ್ಮಿ ಎಂಬ ಹತ್ತಿ ಹೊರಬಂದಿತು. ಅದನ್ನು ರೂಪಿಸಿದವರು ಬಿ. ಎಚ್. ಕಟರಕಿಯವರು. ತಾಯಿ, ಲಕ್ಷ್ಮಿ ಎಂಬ ಅಮೆರಿಕನ್ ಜಾತಿಯ ಹತ್ತಿ. ತಂದೆ, ಈಜಿಪ್ಟಿನ ಹತ್ತಿಯ ಕುಲಕ್ಕೆ ಸೇರಿದ ಎಸ್‌ಬಿ ೨೮೯-ಇ. ಎರಡು ಬೇರೆ ಬೇರೆ ಜಾತಿಗಳನ್ನು ಕೂಡಿಸಿ ರೈತನ ಹೊಲಕ್ಕೆ ತಂದ ಮೊದಲ ಹತ್ತಿಯ ಸಂಕರವಿದು. ಅದರ ಎಳೆ ಉದ್ದ, ನಯ, ಹೊಳಪು; ಕಂಡವರು ಬೆರಗಾದರು. ಮಾಮೂಲು ಬಣ್ಣದ ಮರಿಗಳ ನಡುವೆ ಮಿನುಗುವ ಮರಿಯೊಂದು ಹುಟ್ಟಿದಂತೆಯೇ ಆಯಿತು.

ಅದೃಷ್ಟಕ್ಕೆ ಬಿಟ್ಟಿದ್ದರೆ ಈ ಹತ್ತಿ ಹುಟ್ಟುತ್ತಿತ್ತೆ? ಹತ್ತಿಯ ಹೂವು ಸಾಮಾನ್ಯವಾಗಿ ತನ್ನ ಪರಾಗವನ್ನೇ ತಾನು ತಗುಲಿಸಿಕೊಳ್ಳುತ್ತದೆ. ದುಂಬಿಯು ಹೊತ್ತು ತರುವುದು ಎಲ್ಲಿಂದಲೋ ಏನೋ. ಆದುದರಿಂದ ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆಯೇ ಗುರುತಿಸಿ, ಹೆಬ್ಬೆರಳ ಉಗುರಿನಿಂದ ಅದರ ಗಂಡುಭಾಗವನ್ನು ಸುತ್ತಲೂ ಬಿಡಿಸಿ ತೆಗೆಯಬೇಕು. ಒಳಗಿನ ಅಂಡಾಶಯಕ್ಕೆ ಉಗುರು ತಾಕಬಾರದು. ಮರುದಿನ ಬೆಳಗ್ಗೆ ತಂದೆ ಗಿಡದ ಹೂವನ್ನು ತಂದು ಅದರ ಪರಾಗವನ್ನು ಸವರಿ, ಗುರುತಿಗೆ ದಾರ ಕಟ್ಟಬೇಕು. ಹೊತ್ತು ತಪ್ಪಿದರೆ ಕೆಲಸ ಕೆಟ್ಟಿತು. ಒಂದೊಂದು ಕಾಯಿಗೂ ಹೀಗೆಯೇ! ಸಂಕರ ಬೀಜದ ಹೊಲಗಳಲ್ಲಿ ಈ ಕೆಲಸವನ್ನು ಬಹುಪಾಲು ಹೆಂಗಸರ ಬೆರಳುಗಳೇ ಮಾಡುತ್ತ ಬಂದಿವೆ. ತಕ್ಕ ಕ್ಷಣದಲ್ಲಿ ಗುಂಡಿಯೊತ್ತುವ ಹುಡುಗನ ಜಾಣ್ಮೆಗೂ ತಕ್ಕ ಹೊತ್ತಿಗೆ ಪರಾಗ ಸವರುವ ಹೆಣ್ಣುಮಗಳ ಜಾಣ್ಮೆಗೂ ದಾಯಾದಿತನವುಂಟು. ಹುಡುಗನದು ಆಟ, ಅವಳದು ದಿನಗೂಲಿ, ಬಾಗಿದ ಬೆನ್ನು.

ಆದರೆ ಬೀಜವು ತನ್ನ ಗರವನ್ನು ಪೂರ್ತಿಯಾಗಿ ಬಿಟ್ಟುಕೊಡುವುದಿಲ್ಲ. ಸಂಕರದ ಮೊದಲ ಪೀಳಿಗೆಯಲ್ಲಿ ಎಲ್ಲ ಗಿಡಗಳೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಬರುತ್ತವೆ. ಆ ಗಿಡಗಳ ಬೀಜವನ್ನೇ ಕಾದಿಟ್ಟು ಮರುವರ್ಷ ಬಿತ್ತಿದರೆ ಕವಡೆಗಳು ಚೆಲ್ಲಾಪಿಲ್ಲಿಯಾಗುತ್ತವೆ. ಮೆಂಡೆಲ್ ಎಂಬ ಪಾದ್ರಿಯು ಬಟಾಣಿ ಗಿಡಗಳಲ್ಲಿ ಕಂಡು ೧೮೬೬ರಲ್ಲಿ ಪ್ರಕಟಿಸಿದ ನಿಯಮವಿದು. ಒಂದು ಗುಣದಲ್ಲಿ ಮಾತ್ರ ಭೇದವಿದ್ದರೆ ಬೇಕಾದ ಶುದ್ಧರೂಪವು ನಾಲ್ಕರಲ್ಲೊಂದು. ಒಂದನ್ನೊಂದು ಅವಲಂಬಿಸದ ಎರಡು ಗುಣಗಳಿದ್ದರೆ ಹದಿನಾರರಲ್ಲೊಂದು. ಆರು ಗುಣಗಳಿದ್ದರೆ ೪೦೯೬ರಲ್ಲೊಂದು. ಮೊಮ್ಮಗನ ಆಟದ ಈಗಿನ ಲೆಕ್ಕವೂ ಇದೇ ಎಂಬುದು ಸೋಜಿಗವಲ್ಲವೆ? ಹತ್ತಿಯ ಎಳೆಗೂ ಇಳುವರಿಗೂ ಕಾರಣವಾದ ಗುಣಗಳೋ ಆರಕ್ಕೆ ನಿಲ್ಲುವಂಥವಲ್ಲ. ಆದುದರಿಂದ ಜವಾರಿ ಹತ್ತಿಯ ಬೀಜವನ್ನು ಮನೆಯಲ್ಲೇ ಕಾದಿಡುತ್ತಿದ್ದ ಒಕ್ಕಲಿಗನು ಸಂಕರ ಹತ್ತಿಗೆ ಬಂದಮೇಲೆ ವರ್ಷವರ್ಷವೂ ಪೇಟೆಯ ಬಾಗಿಲಿಗೆ ನಿಲ್ಲಬೇಕಾಯಿತು. ಹೂವಿನೊಳಗಿದ್ದ ಅನಿಶ್ಚಯವನ್ನು ಗೆದ್ದುಕೊಟ್ಟ ವಿದ್ಯೆಯೇ ಅವನ ಕಣಜದಿಂದ ಬೀಜವನ್ನು ಹೊರಗೆ ಒಯ್ದಿತು.

ಅನಿಶ್ಚಯವು ಅಲ್ಲಿಗೂ ಮುಗಿಯಲಿಲ್ಲ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂದಿತು. ಕಾಲುವೆಯ ನೀರು ನರಗುಂದ, ನವಲಗುಂದಗಳ ಕಡೆ ಹರಿಯಿತು. ಮಳೆಯೆಂಬ ದೊಡ್ಡ ಗರವೂ ಕೈವಶವಾದಂತೆ ತೋರಿತು. ರೈತರು ಸಾಲ ಮಾಡಿ ವರಲಕ್ಷ್ಮಿಯನ್ನು ಬಿತ್ತಿದರು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಉದ್ದೆಳೆಯ ಹತ್ತಿಯ ಬೆಲೆ ಕುಸಿದುಬಿದ್ದಿತು. ಅದೇ ಹೊತ್ತಿಗೆ ನೀರಾವರಿ ಭೂಮಿಗೆ ಸರ್ಕಾರದ ಅಭಿವೃದ್ಧಿ ಕರದ ಒತ್ತಾಯವೂ ಬಂದಿತು. ೧೯೮೦ರ ಜುಲೈ ೨೧ರಂದು ನರಗುಂದ ನವಲಗುಂದಗಳಲ್ಲಿ ರೈತರ ಚಳವಳಿಯು ಗೋಲಿಬಾರಿನಲ್ಲಿ ಕೊನೆಗೊಂಡು ಜೀವಗಳು ಹೋದವು. ಇಂದಿಗೂ ಆ ದಿನವನ್ನು ರೈತ ಹುತಾತ್ಮರ ದಿನವೆಂದು ಆಚರಿಸುತ್ತಾರೆ. ಬೀಜ ಒಳ್ಳೆಯದೇ ಇತ್ತು, ನೀರೂ ಬಂದಿತ್ತು. ಆದರೆ ಪೇಟೆಯ ದಾಳ ಯಾರ ಕೈಯಲ್ಲಿದೆಯೆಂಬುದನ್ನು ರೈತನಿಗೆ ಯಾರೂ ಕಲಿಸಿಕೊಟ್ಟಿರಲಿಲ್ಲ.

ಹೀಗೆ ನೋಡಿದರೆ, ಲೆಕ್ಕ ಬಲ್ಲವನು ಮೋಸಗಾರನೆಂಬ ಮಾತು ನಿಲ್ಲದು. ಮೊಮ್ಮಗನು ತನ್ನ ಕೋಷ್ಟಕವನ್ನು ಗೆಳೆಯನಿಗೆ ತೋರಿಸಿದರೆ ಗೆಳೆಯನೂ ಆ ಮರಿಯನ್ನು ಪಡೆಯುತ್ತಾನೆ, ಯಾರಿಗೂ ನಷ್ಟವಿಲ್ಲ. ತನಗೆ ಸುಲಭವಾಗಿ ಸಿಕ್ಕಿದ ಮರಿಯನ್ನು ಸಾವಿರಾರು ಮೊಟ್ಟೆ ಕಾದು ಪಡೆದುದೆಂದು ಹೇಳಿ, ಏನೂ ಅರಿಯದವನಿಂದ ಬೆಲೆಬಾಳುವ ಇನ್ನೊಂದನ್ನು ಬದಲಾಯಿಸಿಕೊಂಡರೆ ಅದು ಶಕುನಿಯ ಆಟವಾಗುತ್ತದೆ. ಅಜ್ಜನು ಗದರಬೇಕಾದುದು ಅದಕ್ಕಾಗಿ. ಲೆಕ್ಕ ಹಾಕಿದುದಕ್ಕಾಗಿ ಗದರಿದರೆ, ಉತ್ತಮ ತೆನೆಯನ್ನು ಆರಿಸಿ ಮುಂದಿನ ಬಿತ್ತನೆಗೆ ತೆಗೆದಿರಿಸಿದ ತನ್ನ ತಾತ ಮುತ್ತಾತಂದಿರನ್ನೂ ಅವನು ಗದರಬೇಕಾದೀತು.

ಆ ಸೀಮೆಯ ಒಕ್ಕಲಿಗರು ಸೀಗೆ ಹುಣ್ಣಿಮೆಯಲ್ಲೂ ಎಳ್ಳಮಾಸೆಯಲ್ಲೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂತಾಯಿಯನ್ನು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲುವುದುಂಟು. ಹೋಳಿಗೆ, ಕಡುಬು, ಪಲ್ಯ, ಅನ್ನಗಳ ಮೊದಲ ತುತ್ತು ಹೊಲಕ್ಕೆ. ಮಿಕ್ಕಿದುದು ಮನೆಮಂದಿಗೆ, ನೆಂಟರಿಗೆ, ನೆರೆಹೊಲದವರಿಗೆ. ಬಿತ್ತಿದ ಬೀಜ ಅಂಗಡಿಯದಿರಬಹುದು, ಮಳೆಯ ಮುನ್ಸೂಚನೆಯನ್ನು ಕೈಯೊಳಗಿನ ಫೋನು ಹೇಳಿರಬಹುದು. ಚರಗವನ್ನು ಮಾತ್ರ ನಿಲ್ಲಿಸಿಲ್ಲ. ಲೆಕ್ಕಕ್ಕೆ ಸಿಕ್ಕುವಷ್ಟನ್ನು ಲೆಕ್ಕ ಹಾಕಿಯೇ ಅವರು ಹೊಲಕ್ಕೆ ಬಂದಿರುತ್ತಾರೆ. ಉಳಿದುದಕ್ಕೆ ಒಂದು ಹಿಡಿ ಅನ್ನ ಚೆಲ್ಲಿ, ಮರದ ನೆರಳಿನಲ್ಲಿ ಎಲ್ಲರೂ ಕೂಡಿ ಊಟಕ್ಕೆ ಕುಳಿತುಕೊಳ್ಳುತ್ತಾರೆ.