ಶಟರ್ ಇಲ್ಲದ ಅಂಗಡಿ



ಕುಸ್ವಾರ್ ಎಂದರೆ ಹಿಂದೆ ಕ್ರಿಸ್ಮಸ್ ಹೊತ್ತಿಗೆ ತಟ್ಟೆಯಲ್ಲಿಟ್ಟು, ಮೇಲೊಂದು ಬಟ್ಟೆ ಮುಚ್ಚಿ ನೆರೆಮನೆಗೆ ಕಳುಹಿಸುವ ತಿಂಡಿ. ಈಗ ಅದಕ್ಕೆ ಬೆಲೆಪಟ್ಟಿಯೂ ಇದೆ. ಕಾಸರಗೋಡಿನ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ ಮಾಡಿ ಮಾರುತ್ತಾರೆ. ಉಳಿದ ತಿಂಗಳುಗಳಲ್ಲಿ ಹಲಸಿನ ಹಪ್ಪಳ, ಉಪ್ಪಿನಕಾಯಿ, ಹುಟ್ಟುಹಬ್ಬದ ಕೇಕು. ಅಂಗಡಿ ಎಲ್ಲಿದೆ ಎಂದು ಕೇಳಿದರೆ ಕೈಯಲ್ಲಿರುವ ಮೊಬೈಲ್ ತೋರಿಸುತ್ತಾರೆ.

ಇದರ ಬಗ್ಗೆ ನಮಗೆ ಅಸಮಾಧಾನವೇನೂ ಇಲ್ಲ. ಪೊಟ್ಟಣಗಳನ್ನು ಹೊತ್ತು ಮಂಗಳೂರಿನ ಬಸ್ಸು ಹತ್ತಿ, ಅಂಗಡಿ ಅಂಗಡಿಗೆ ಕೊಟ್ಟು, ಆಮೇಲೆ ದುಡ್ಡಿಗಾಗಿ ಅಲೆಯುವುದಕ್ಕಿಂತ ಇದು ಎಷ್ಟೋ ಮೇಲು. ದುಬಾಯಿಯಲ್ಲಿರುವ ಮಗ ಅಲ್ಲಿಂದಲೇ ಹಣ ಕಳುಹಿಸಿ, ಊರಿನ ಅಪ್ಪ ಅಮ್ಮನಿಗೆ ಕೇಕು ತಲುಪಿಸುತ್ತಾನೆ. ಹೆಂಗಸರ ಕೈಯಲ್ಲಿ ಸ್ವಂತದ ನಾಲ್ಕು ಕಾಸು ಓಡಾಡುತ್ತದೆ. ಸೆಮಿನರಿಯಲ್ಲಿ ನಮಗೆ ತತ್ತ್ವಶಾಸ್ತ್ರ ಕಲಿಸಿದರು, ದೈವಶಾಸ್ತ್ರ ಕಲಿಸಿದರು. ಇನ್‌ಸ್ಟಾಗ್ರಾಂ ಯಾರೂ ಕಲಿಸಲಿಲ್ಲ. ಮನೆಭೇಟಿಯ ವೇಳೆ ಈ ಅಕ್ಕಂದಿರ ಪಕ್ಕದಲ್ಲಿ ಕೂತು ನೋಡಿ ಕಲಿತದ್ದೇ ನಮ್ಮ ವಿದ್ಯೆ.

ಮೊದಲು ಬೆಲೆಯ ವಿಷಯ. ಕೆಲವರು ಚಂದದ ಚಿತ್ರ ಹಾಕಿ, ಬೆಲೆ ಬೇಕಾದರೆ ಇನ್‌ಬಾಕ್ಸಿಗೆ ಬನ್ನಿ ಎಂದು ಬರೆಯುತ್ತಾರೆ. ನಮಗೆ ಇದು ಸರಿ ಕಾಣುವುದಿಲ್ಲ. ಮುಖ ನೋಡಿ ಬೆಲೆ ಹೇಳುತ್ತಾರೇನೋ ಎಂಬ ಸಂಶಯ ಬರುತ್ತದೆ. ವ್ಯಾಪಾರಿಗಳಿಗಾಗಿಯೇ 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಎಂಬ ವ್ಯವಸ್ಥೆ ಇದೆ. ತಿಂಡಿಯ ಚಿತ್ರ, ತೂಕ, ಬೆಲೆ ಮೂರನ್ನೂ ಅಲ್ಲಿ ಒಮ್ಮೆ ಹಾಕಿಟ್ಟರೆ ದಿನಕ್ಕೆ ಅರ್ಧ ಪ್ರಶ್ನೆಗಳು ತಾವಾಗಿಯೇ ನಿಲ್ಲುತ್ತವೆ. ತಿಂಡಿ ಮಾರುವವರು, ಮನೆಯಿಂದಲೇ ಆದರೂ, ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. 14 ಅಂಕಿಗಳ ಆ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಿದ ಹಾಗೆ ಪುಟದಲ್ಲಿಯೂ ಹಾಕಿದರೆ ನೋಡುವವರಿಗೆ ನಂಬಿಕೆ ಹುಟ್ಟುತ್ತದೆ.

ಭಾಷೆಯ ಚಿಂತೆ ಗಡಿನಾಡಿನವರಾದ ನಮಗೆ ಯಾವಾಗಲೂ ಇದ್ದದ್ದೇ. ಕಾಸರಗೋಡು ಪೇಟೆಯ ಗಿರಾಕಿಗೆ ಮಲಯಾಳಂ, ಮಂಗಳೂರಿನವರಿಗೆ ಕನ್ನಡ, ಬಂಧುಗಳಿಗೆ ಕೊಂಕಣಿ. ಕೊಂಕಣಿಯನ್ನೂ ನಾವು ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ಒಂದು ಕೆಲಸ ಹಗುರ. ಮಲಯಾಳಂ ಬರೆಯಲು ಬಾರದವರು ಬಾಯಲ್ಲಿ ಹೇಳಿ ವಾಯ್ಸ್ ಮೆಸೇಜ್ ಕಳುಹಿಸುತ್ತಾರೆ. ತಪ್ಪು ತಪ್ಪಾಗಿ ಬರೆದ ಇಂಗ್ಲಿಷ್‌ಗಿಂತ ಅದೇ ಕಿವಿಗೆ ಹಿತ.

ಇನ್ನೊಂದನ್ನು ಹೇಳಲೇಬೇಕು. ಧರ್ಮಕೇಂದ್ರದ ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ಮರಣದ ಸುದ್ದಿ ಬರುತ್ತದೆ. ಅದರ ಕೆಳಗೇ ಕೇಕಿನ ರಿಯಾಯಿತಿ. ಹಾಕಿದವರಿಗೆ ಮೇಲಿನದು ಕಂಡಿರಲಿಕ್ಕಿಲ್ಲ. ಆದರೂ ಸತ್ತವರ ಮನೆಯವರಿಗೆ ಎರಡೂ ಕಾಣುತ್ತವೆ. ಗುಂಪಿನಿಂದ ಎಲ್ಲರ ಸಂಖ್ಯೆ ತೆಗೆದು ಒಬ್ಬೊಬ್ಬರಿಗೂ ಜಾಹೀರಾತು ಕಳುಹಿಸುವುದೂ ಬೇಡ. ಬೇಸತ್ತು ಹಲವರು ದೂರು ಕೊಟ್ಟರೆ ವಾಟ್ಸಾಪ್‌ನವರು ಖಾತೆಯನ್ನೇ ಮುಚ್ಚಬಹುದು. ಕೇಳಿ ಸೇರಿಸಿಕೊಂಡ ಹತ್ತು ಗಿರಾಕಿಗಳು ಕೇಳದೆ ಸೇರಿಸಿದ ನೂರಕ್ಕಿಂತ ಲೇಸು.

ಈ ವ್ಯಾಪಾರದ ಬಗ್ಗೆ ಯೋಚಿಸುವಾಗಲೆಲ್ಲ ನಮಗೆ ಪ್ರವಾದಿ ಆಮೋಸನ ಗ್ರಂಥದ ಎಂಟನೆಯ ಅಧ್ಯಾಯ ನೆನಪಾಗುತ್ತದೆ. ಅಲ್ಲಿನ ವರ್ತಕರು ಸಬ್ಬತ್ ದಿನ ಯಾವಾಗ ಮುಗಿದೀತು, ಧಾನ್ಯದ ಕಣಜ ಯಾವಾಗ ತೆರೆಯೋಣ ಎಂದು ಕಾಯುತ್ತಿರುತ್ತಾರೆ. ತೆರೆದ ಮೇಲೆ ಅಳತೆಯನ್ನು ಕಿರಿದು ಮಾಡಿ, ಬೆಲೆಯನ್ನು ಹಿರಿದು ಮಾಡುತ್ತಾರೆ. ಪ್ರವಾದಿ ಈ ಎರಡು ತಪ್ಪುಗಳನ್ನು ಒಂದೇ ಉಸಿರಿನಲ್ಲಿ ಹೇಳಿದ್ದಾನೆ.

ಕಳ್ಳ ಅಳತೆ ಈಗ ತಕ್ಕಡಿಯಲ್ಲಿ ಮಾತ್ರವಿಲ್ಲ. ಯಾರದೋ ಕೇಕಿನ ಚಿತ್ರವನ್ನು ಇಂಟರ್ನೆಟ್‌ನಿಂದ ತೆಗೆದು ನಮ್ಮದೆಂದು ಹಾಕುವುದೂ ಅದೇ. ತಿಂಡಿಯನ್ನು ಬಾಯಿಗೂ ಇಡದ ಬಹರೈನಿನ ದಾಯಾದಿಗಳು ಗೂಗಲ್‌ನಲ್ಲಿ ಐದು ನಕ್ಷತ್ರ ಕೊಡುವುದೂ ಅದೇ. ಇಂಥ ಸುಳ್ಳು ಮೆಚ್ಚುಗೆ ಎಷ್ಟು ಹೆಚ್ಚಿತೆಂದರೆ, ಅದನ್ನು ತಡೆಯಲು 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಐಎಸ್ 19000 ಎಂಬ ಮಾನದಂಡವನ್ನೇ ಹೊರಡಿಸಿತು. ಕಿಟಕಿಯ ಬೆಳಕಿನಲ್ಲಿ ಇಟ್ಟು ತೆಗೆದ ಇಂದಿನ ಹಪ್ಪಳದ ಚಿತ್ರ, ಅಂಚು ಸ್ವಲ್ಪ ಮುರಿದಿದ್ದರೂ ಸಾಕು.

ಆಮೋಸನ ಇನ್ನೊಂದು ಮಾತು ಹೆಚ್ಚು ಹತ್ತಿರದ್ದು. ಪೇಟೆಯ ಅಂಗಡಿಗೆ ಶಟರ್ ಇದೆ. ರಾತ್ರಿ ಎಳೆದು ಬೀಗ ಹಾಕಿದರೆ ಮುಗಿಯಿತು. ಮೊಬೈಲಿನ ಅಂಗಡಿಗೆ ಅದಿಲ್ಲ. ಜಪಸರದ ಮಧ್ಯೆ ಟಿಣ್ ಎನ್ನುತ್ತದೆ. ಊಟದ ಬಟ್ಟಲಿನ ಪಕ್ಕದಲ್ಲಿ ಮಿನುಗುತ್ತದೆ. ಭಾನುವಾರ ಪೂಜೆಯಲ್ಲಿ ಪ್ರಬೋಧನೆ ಸ್ವಲ್ಪ ಉದ್ದವಾದರೆ ಕೆಲವರ ಕೈ ಚೀಲದೊಳಗೆ ಹೋಗುವುದು ಬಲಿಪೀಠದಿಂದ ನಮಗೆ ಕಾಣುತ್ತದೆ. (ಪ್ರಬೋಧನೆಯನ್ನು ಚಿಕ್ಕದು ಮಾಡಿ ಎಂದು ನೀವು ಹೇಳುವಿರಿ, ಅದು ಬೇರೆ ಮಾತು.)

ಈ ಅಂಗಡಿ ಕಾಯುವವರು ಯಾರು? ಹೆಚ್ಚಿನ ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಗಳು. ಚಿತ್ರ ತೆಗೆಯುವವಳು ಅವಳು, ಬರೆಯುವವಳು ಅವಳು, ಮೊಟ್ಟೆ ಹಾಕಿದ್ದೀರಾ, ನಾಡಿದ್ದು ಸಿಗುತ್ತದಾ, ಹತ್ತು ರೂಪಾಯಿ ಬಿಡುತ್ತೀರಾ ಎಂಬುದಕ್ಕೆಲ್ಲ ರಾತ್ರಿ ಹನ್ನೊಂದು ಗಂಟೆಯವರೆಗೂ ಉತ್ತರ ಕೊಡುವವಳೂ ಅವಳೇ. ಒಂದು ಮನೆಯಲ್ಲಿ ನಾವು ಇದನ್ನು ಎತ್ತಿದಾಗ ತಾಯಿ, "ಅವಳಿಗೇನು ಕಷ್ಟ ಫಾದರ್, ಕೂತಲ್ಲೇ ಮೊಬೈಲ್ ಒತ್ತುವುದಲ್ಲವಾ" ಎಂದರು. ಮಗಳು ಏನೂ ಹೇಳಲಿಲ್ಲ. ಅವಳ ಪರೀಕ್ಷೆಯ ಪುಸ್ತಕ ಮೇಜಿನ ಮೇಲೆ ಬೋರಲಾಗಿ ಬಿದ್ದಿತ್ತು. ಗಿರಾಕಿಯೊಬ್ಬ ಹಿಂದಿನ ರಾತ್ರಿ, ಹಣ ಕಳುಹಿಸಿದ್ದೇನೆ ಎಂದು ಸುಳ್ಳು ಸ್ಕ್ರೀನ್‌ಶಾಟ್ ಕಳುಹಿಸಿದ್ದನಂತೆ. ಅವಳೇ ಬ್ಯಾಂಕ್ ಖಾತೆ ನೋಡಿ ಹಿಡಿದು ಹಾಕಿದ್ದಳು. ಮನೆಯವರಿಗೆ ಒಂದು ದೊಡ್ಡ ಕೇಕಿನ ದುಡ್ಡು ಉಳಿಯಿತು. ಹಿಟ್ಟು, ಸಕ್ಕರೆ, ಗ್ಯಾಸ್ ಎಲ್ಲವೂ ಬರೆದಿದ್ದ ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರು ಮಾತ್ರ ಇರಲಿಲ್ಲ. ಸಂತ ಯಾಕೋಬರ ಪತ್ರದಲ್ಲಿ ಹೊಲ ಕೊಯ್ದವರ ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆ. ಮಗಳು ಮನೆಯವಳು, ಕೂಗುವುದಿಲ್ಲ.

ಶಟರ್ ಎಳೆಯುವುದು ಕಷ್ಟವೇನಲ್ಲ. ಅದೇ ವಾಟ್ಸಾಪ್ ಬಿಸಿನೆಸ್‌ನಲ್ಲಿ ಅಂಗಡಿಯ ಸಮಯ ಬರೆದಿಡಬಹುದು. ಆ ಸಮಯದ ಆಚೆಗೆ ಬಂದವರಿಗೆ ನಾವು ಮೊದಲೇ ಬರೆದಿಟ್ಟ ಉತ್ತರ ತಾನಾಗಿಯೇ ಹೋಗುವಂತೆ ಮಾಡಬಹುದು. ಗಿರಾಕಿಗಳು ಕೈಬಿಟ್ಟು ಹೋದಾರು ಎಂಬ ಭಯವೇ ದೊಡ್ಡದು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಜಗತ್ತಿನಾದ್ಯಂತ ಸುಮಾರು ಆರು ಗಂಟೆ ನಿಂತುಹೋದವು. ಮರುದಿನವೂ ಜನರಿಗೆ ಕೇಕು ಬೇಕಾಗಿಯೇ ಇತ್ತು. ಮೂರೂ ಒಂದೇ ಕಂಪನಿಯದ್ದು ಎಂಬುದನ್ನು ನೆನಪಿಟ್ಟು, ಗಿರಾಕಿಗಳ ಹೆಸರು, ಸಂಖ್ಯೆಗಳನ್ನು ಒಂದು ನೋಟುಪುಸ್ತಕದಲ್ಲಿಯೂ ಬರೆದಿಡಿ.

ಆ ಮನೆಯಲ್ಲಿ ಈಗ ಸಂಜೆ ಏಳಕ್ಕೆ ಅಂಗಡಿ ಮುಚ್ಚುತ್ತದೆ, ಭಾನುವಾರ ಇಡೀ ದಿನ ರಜೆ. ತಾನಾಗಿ ಹೋಗುವ ಉತ್ತರವನ್ನು ಮಗಳೇ ಕನ್ನಡ, ಮಲಯಾಳಂ ಎರಡರಲ್ಲೂ ಬರೆದಳು. ಲೆಕ್ಕದ ಪುಸ್ತಕದಲ್ಲಿ ಗ್ಯಾಸಿನ ಕೆಳಗೆ ಅವಳ ಹೆಸರು, ಎದುರಿಗೆ ತಿಂಗಳ ಮೊತ್ತ. ಮೊತ್ತ ಸಾಲದು ಎಂದು ಅವಳು ಈಗಾಗಲೇ ತಕರಾರು ತೆಗೆದಿದ್ದಾಳಂತೆ. ತಾಯಿ ನಮ್ಮ ಹತ್ತಿರ ದೂರು ಹೇಳಿದರು.