ಗ್ಯಾರೇಜಿನ ಗೆಳೆಯನಿಗೆ ಸಿಗದ ಪಾಲು

ವಾಲ್ಟರ್ ಐಸಾಕ್ಸನ್ ಬರೆದ ‘ಸ್ಟೀವ್ ಜಾಬ್ಸ್’ ಪುಸ್ತಕ ಹೊರಬಂದದ್ದು 2011ರ ಅಕ್ಟೋಬರ್‌ನಲ್ಲಿ, ಜಾಬ್ಸ್ ತೀರಿಕೊಂಡ ತಿಂಗಳಲ್ಲೇ. ಆ್ಯಪಲ್ ಕಂಪನಿ ಹುಟ್ಟಿ ಬೆಳೆದ ಕಥೆಯೂ ಅದರಲ್ಲಿದೆ. ಬರೆಯಿರಿ ಎಂದು ಕೇಳಿಕೊಂಡವರು ಸ್ವತಃ ಜಾಬ್ಸ್. ಆದರೂ ಅದು ಹೊಗಳಿಕೆಯ ಪುಸ್ತಕವಲ್ಲ.

ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಡೇನಿಯಲ್ ಕಾಟ್ಕಿಯ ಪ್ರಸಂಗ. ಆತ ಜಾಬ್ಸ್‌ಗೆ ಕಾಲೇಜು ದಿನಗಳ ಗೆಳೆಯ. 1974ರಲ್ಲಿ ಇಬ್ಬರೂ ಅಧ್ಯಾತ್ಮದ ಹಂಬಲದಿಂದ ನಮ್ಮ ದೇಶಕ್ಕೆ ಬಂದು ಒಟ್ಟಿಗೆ ಅಲೆದವರು. ಎರಡು ವರ್ಷದ ಬಳಿಕ ಕ್ಯಾಲಿಫೋರ್ನಿಯಾದಲ್ಲಿ, ಜಾಬ್ಸ್ ಮನೆಯ ಗ್ಯಾರೇಜಿನಲ್ಲಿ, ಆ್ಯಪಲ್‌ನ ಮೊದಲ ಕಂಪ್ಯೂಟರ್‌ಗಳಿಗೆ ಬಿಡಿಭಾಗ ಜೋಡಿಸಲು ಕೂತವರಲ್ಲಿ ಕಾಟ್ಕಿಯೂ ಒಬ್ಬ. 1980ರ ಡಿಸೆಂಬರ್‌ನಲ್ಲಿ ಕಂಪನಿ ಷೇರುಪೇಟೆಗೆ ಬಂತು. ಸುಮಾರು 300 ಮಂದಿ ದಿಢೀರನೆ ಹತ್ತು ಲಕ್ಷ ಡಾಲರ್‌ಗಳ ಒಡೆಯರಾದರು. ಕಾಟ್ಕಿಗೆ ಮಾತ್ರ ಷೇರು ಇಲ್ಲ. ಅವನದು ಗಂಟೆ ಲೆಕ್ಕದ ಸಂಬಳ! ಎಂಜಿನಿಯರ್ ರಾಡ್ ಹೋಲ್ಟ್‌ಗೆ ಮರುಕವಾಯಿತು. ಜಾಬ್ಸ್ ಎಷ್ಟು ಕೊಡುತ್ತಾರೋ ಅಷ್ಟನ್ನು ತಾನೂ ಕೊಡುವುದಾಗಿ ಹೇಳಿದರು. ಜಾಬ್ಸ್ ಕೊಡಲು ಒಪ್ಪಿದ್ದು ಸೊನ್ನೆ.

ಒಂಬತ್ತನೇ ತರಗತಿಯ ನನ್ನ ಮಗನೂ ಈ ಪುಟಗಳನ್ನು ಓದಿದ. “ಅಮ್ಮಾ, ದೊಡ್ಡೋರಾಗೋಕೆ ಇಷ್ಟು ಕಲ್ಲುಮನಸ್ಸು ಬೇಕೇಬೇಕಾ?” ಎಂದ. ಇಂಥ ಪುಸ್ತಕ ಮಕ್ಕಳ ಕೈಗೆ ಸಿಕ್ಕಾಗ ನನಗಿರುವ ಅಳುಕು ಇದೇ. ದೋಷವನ್ನೇ ಗೆಲುವಿನ ಗುಟ್ಟು ಎಂದು ಅವರು ತಿಳಿದುಬಿಟ್ಟರೆ?

ಉತ್ತರ ಅದೇ ಪುಸ್ತಕದಲ್ಲಿತ್ತು. ಮುಂದೆ ಓದು ಎಂದೆ. ಅಲ್ಲಿ ಸ್ಟೀವ್ ವೋಜ್ನಿಯಾಕ್ ಇದ್ದರು. ಆ ಮೊದಲ ಕಂಪ್ಯೂಟರನ್ನು ವಿನ್ಯಾಸ ಮಾಡಿದವರು ಅವರೇ. ಷೇರುಪೇಟೆಯ ದಿನ ಬರುವ ಮೊದಲೇ ಅವರು ತಮ್ಮ ಪಾಲಿನಲ್ಲಿ ಒಂದಿಷ್ಟನ್ನು 40 ಉದ್ಯೋಗಿಗಳಿಗೆ ತೀರಾ ಕಡಿಮೆ ಬೆಲೆಗೆ ಬಿಟ್ಟುಕೊಟ್ಟಿದ್ದರು. ಇಬ್ಬರೂ ಕಟ್ಟಿದ್ದು ಒಂದೇ ಕಂಪನಿ. ಹಾಗಿದ್ದಮೇಲೆ ಕಂಪನಿ ಬೆಳೆಯಲು ಕಲ್ಲುಮನಸ್ಸೇ ಬೇಕಿತ್ತು ಎನ್ನುವುದು ಹೇಗೆ?

“ಆದ್ರೆ ನನ್ನ ಫ್ರೆಂಡ್ಸ್‌ಗೆಲ್ಲ ಜಾಬ್ಸ್ ಗೊತ್ತು, ವೋಜ್ನಿಯಾಕ್ ಗೊತ್ತಿಲ್ಲ” ಎಂದ ಮಗ. ಅವನ ಮಾತು ನಿಜ. ಉದಾರಿಗೆ ಹೆಸರು ಸಿಕ್ಕೇ ಸಿಗುತ್ತದೆ ಎಂದು ಸಮಾಧಾನಕ್ಕೆ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. “ಹೌದು, ಹೆಸರು ಸಿಗದಿರಬಹುದು. ಆದರೂ ಆ 40 ಮನೆಗಳಲ್ಲಿ ಅವರನ್ನು ಮರೆತಿರಲಾರರು” ಎಂದೆ.

ತನ್ನ ಮಕ್ಕಳು ತನ್ನನ್ನು ಅರಿಯಲಿ ಎಂಬುದೂ ಈ ಪುಸ್ತಕ ಬರೆಸಲು ಒಂದು ಕಾರಣ ಎಂದು ಜಾಬ್ಸ್ ಹೇಳಿದ್ದರಂತೆ. ಅವರ ಜಾಣ್ಮೆ, ಛಲ ಎರಡೂ ದೊಡ್ಡವು. ಮಕ್ಕಳು ಖಂಡಿತ ಕಲಿಯಲಿ. ಆದರೆ ಸಾಧಕರ ಕಥೆ ಹೇಳುವಾಗ ಕಾಟ್ಕಿಯ ಪುಟವನ್ನು ನಾವು ಹಾರಿಸುವುದು ಬೇಡ. ಮಕ್ಕಳ ಜೊತೆ ಕೂತು ಓದೋಣ, ಅವರು ಕೇಳಿದ್ದಕ್ಕೆಲ್ಲ ಉತ್ತರ ಹೇಳೋಣ.