ಗಾಳಿಯ ದಾರಿ

ನಮ್ಮ ಹೊಸೂರು ಕೈಗಾರಿಕೆಯ ಊರು. ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಇಲ್ಲಿ 1980ರಲ್ಲಿ ಆರಂಭವಾಯಿತು. ಆದ್ದರಿಂದ ಎಂಜಿನ್ನಿನ ಮಾತು ನಮಗೆ ಹೊಸತಲ್ಲ.

ಎಂಜಿನ್ನು ಹೊರಬಿಡುವ ಹೊಗೆಯ ಬಲದಿಂದ ತಿರುಗಿ, ಗಾಳಿಯನ್ನು ಒತ್ತಿ ಒಳಗೆ ತುಂಬುವ ಯಂತ್ರವೇ ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿಯವರು 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದರು. ಸೈಕಲ್ ಪಂಪು ಹೊಡೆದಾಗ ಬಿಸಿಯಾಗುವಂತೆ, ಒತ್ತಿದ ಗಾಳಿಯೂ ಕಾಯುತ್ತದೆ. ಕಾದ ಗಾಳಿ ಹಿಗ್ಗುತ್ತದೆ. ಅಷ್ಟೇ ಜಾಗದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಆ ಗಾಳಿಯನ್ನು ತಣಿಸುವುದೇ ಇಂಟರ್‌ಕೂಲರಿನ ಕೆಲಸ.

ನಮ್ಮ ತಂದೆಯವರ ಬಾಡಿಗೆ ಕಾರು ಕಳೆದ ವರ್ಷ ಏರಿನಲ್ಲಿ ಎಳೆಯದೆ ಕಪ್ಪು ಹೊಗೆ ಕಾರತೊಡಗಿತು. ಇಂಟರ್‌ಕೂಲರಿನ ರಬ್ಬರ್ ಹೋಸು ಸೀಳಿತ್ತು. ಬಾಡಿಗೆ ನಿಂತರೆ ಮನೆಯೇ ನಿಲ್ಲುತ್ತದೆ. ದಪ್ಪನೆಯ ಅಲ್ಯೂಮಿನಿಯಂ ಪೈಪು ಹಾಕಿಸಿದರೆ ಎಳೆತ ಹೆಚ್ಚುತ್ತದೆಂದು ಹಲವರು ಹೇಳಿದರು. ಮೆಕ್ಯಾನಿಕ್ ಆದ ನಮ್ಮ ಸೋದರಮಾವ ಒಪ್ಪಲಿಲ್ಲ.

"ಭಾವಾ, ಪೈಪು ದಪ್ಪವಾದಷ್ಟೂ ಗಾಳಿ ತುಂಬೋಕೆ ಹೊತ್ತು ಹಿಡಿಯುತ್ತೆ. ಮೊದಲಿದ್ದ ಅಳತೆಯದೇ ಸಾಕು. ಉಳಿದ ದುಡ್ಡು ಮಗುವಿನ ಫೀಸಿಗಾಗಲಿ" ಎಂದರು.

ಒಳಗೆ ಎಣ್ಣೆ ತಡೆಯುವ ಪದರವಿದ್ದ ಸಿಲಿಕೋನ್ ಹೋಸು, ಗಟ್ಟಿ ಕ್ಲಾಂಪು ಹಾಕಿದರು. ಹೊಗೆ ನಿಂತಿತು.

ಗೆಳೆಯರೇ, ದೊಡ್ಡದೆಲ್ಲ ಒಳ್ಳೆಯದಲ್ಲ. ಅಳತೆ ಅರಿತು ಆರಿಸುವುದೂ ಒಂದು ವಿದ್ಯೆಯೇ.